ಬುರುಡೆಯ ಕೀರ್ತಿ, ಕಾಲಿನ ಲೆಕ್ಕ

ಪ್ಯಾಚಸ್ ಎಂಬ ಡ್ಯಾಷ್‌ಹುಂಡ್ ನಾಯಿಯ ಕತೆಯನ್ನು ಮತ್ತೆ ಹೇಳಬೇಕಿಲ್ಲ. 2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮಿಶೆಲ್ ಒಬ್ಲಾಕ್ ಮತ್ತು ಅಮೆರಿಕದ ಕಾರ್ನೆಲ್‌ನ ಶಸ್ತ್ರವೈದ್ಯರು ಸೇರಿ ಅದರ ತಲೆಬುರುಡೆಯ ಸುಮಾರು ಶೇ. 70ರಷ್ಟು ಭಾಗಕ್ಕೆ ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಕೂರಿಸಿದರು. ಆ ಕೆಲಸ ಅಚ್ಚುಕಟ್ಟು. ನನಗೆ ಅದರ ಮೇಲೆ ದೂರಿಲ್ಲ. ಆ ಬುರುಡೆಯ ಕೀರ್ತಿಯನ್ನು ತಂದು ಕ್ಯಾನ್ಸರ್ ಬಂದ ಮುಂಗಾಲಿಗೆ ಕಟ್ಟುವವರ ಮೇಲೆ ಇದೆ.

ಪ್ಯಾಚಸ್‌ಗಿದ್ದದ್ದು ನಿಧಾನವಾಗಿ ಬೆಳೆದು, ಇದ್ದಲ್ಲೇ ಮಿದುಳನ್ನು ಒತ್ತುವ ಗೆಡ್ಡೆ. ಅಲ್ಲಿ ಪೂರ್ತಿ ಕತ್ತರಿಸುವುದೇ ಚಿಕಿತ್ಸೆ. ದೊಡ್ಡ ತಳಿಗಳ ಕಾಲಿಗೆ ಬರುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿನ ಜಾತಿಯೇ ಬೇರೆ. ಪತ್ತೆಯಾಗುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಅದು ಸದ್ದಿಲ್ಲದೆ ಹರಡಿರುತ್ತದೆ, ಹೆಚ್ಚಾಗಿ ಶ್ವಾಸಕೋಶಕ್ಕೆ. ಕಾಲು ತೆಗೆದು ಕೀಮೋ ಕೊಟ್ಟರೆ ಸಾಮಾನ್ಯವಾಗಿ 10ರಿಂದ 12 ತಿಂಗಳ ಬದುಕು. ಗೆಡ್ಡೆಯಿರುವ ಮೂಳೆಯನ್ನಷ್ಟೇ ತೆಗೆದು, ಆ ಜಾಗಕ್ಕೆ ಲೋಹ ಕೂರಿಸಿ, ಕಾಲು ಉಳಿಸಿ ಕೀಮೋ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ. ಲೋಹ ಎಷ್ಟು ನುಣುಪಾಗಿ ಕೂತರೇನು, ಸಾವು ಬರುವ ದಾರಿ ಕಾಲಿನದಲ್ಲ.

ಹೊಗಳುವವರು ಮುಟ್ಟದೆ ಬಿಡುವುದು ಕಟಿಂಗ್ ಗೈಡನ್ನು. ಸಿ.ಟಿ. ಸ್ಕ್ಯಾನಿನಿಂದ ಇಂಪ್ಲಾಂಟಿನ ಜೊತೆಗೇ ಇನ್ನೊಂದು ತುಣುಕನ್ನೂ ಪ್ರಿಂಟ್ ಮಾಡುತ್ತಾರೆ. ಅದು ಆ ಒಂದು ಮೂಳೆಯ ಉಬ್ಬುತಗ್ಗಿಗೆ ಮಾತ್ರ ಹೊಂದಿ ಕೂರುತ್ತದೆ; ಅದರ ಸೀಳಿನಲ್ಲೇ ಗರಗಸ ಓಡಬೇಕು. ಕಾರ್ಖಾನೆಯ ಸಿದ್ಧ ಉಕ್ಕಿನ ತುಂಡು ಗೊತ್ತಾದ ಉದ್ದದಲ್ಲೇ, ಹಿಂದೆ 122 ಮಿಲಿಮೀಟರಿನಲ್ಲಿ, ಬರುತ್ತಿತ್ತು. ನಾಯಿಯ ಮೂಳೆಯನ್ನೇ ಅದರ ಅಳತೆಗೆ ಕತ್ತರಿಸಬೇಕಿತ್ತು. ಈಗ ಲೋಹವೇ ಮೂಳೆಯ ಅಳತೆಗೆ ಬರುತ್ತದೆ, ನಿಜ. ಆದರೆ ಯಾವ ದಿನದ ಮೂಳೆ? ಸ್ಕ್ಯಾನ್ ಮಾಡಿದ ದಿನದ್ದು. ವಿನ್ಯಾಸ, ಪ್ರಿಂಟ್, ನಯಗೊಳಿಸುವಿಕೆ ಎಂದು ವಾರಗಳು ಹೋಗುತ್ತವೆ, ಗೆಡ್ಡೆಗೆ ಆ ರಜೆಯಿಲ್ಲ. ಟೇಬಲ್ ಮೇಲೆ ಕೈಗೆ ಅನುಮಾನ ಬಂದು ಇನ್ನೊಂದು ಸೆಂಟಿಮೀಟರ್ ಮೇಲೆ ಕತ್ತರಿಸೋಣ ಎಂದರೆ ಇಂಪ್ಲಾಂಟ್ ಗಿಡ್ಡವಾಗುತ್ತದೆ. ನಿಖರತೆ ಎಂದು ಮಾರುವುದು ಇಲ್ಲಿ ಶಸ್ತ್ರವೈದ್ಯನ ಕೈಕಟ್ಟುವ ಕರಾರು.

ಇನ್ನು ಸೋಂಕು. ಮುಂಗಾಲಿನ ಮಣಿಕಟ್ಟಿನ ಬಳಿ ಕೂರಿಸಿದ ಲೋಹವನ್ನು ಮುಚ್ಚಲು ಮಾಂಸವೇ ಇಲ್ಲ, ಬರೀ ತೊಗಲು. ಕೊಲೊರಾಡೊದಲ್ಲಿ ಪಶು ಶಸ್ತ್ರವೈದ್ಯ ಸ್ಟೀಫನ್ ವಿತ್ರೋ ಕಾಲದಿಂದಲೂ ಕಾಲು ಉಳಿಸಿದ ನಾಯಿಗಳಲ್ಲಿ ಸುಮಾರು ಅರ್ಧಕ್ಕೆ ಸೋಂಕು ತಗಲಿದೆ. ಅಳತೆಗೆ ಮಾಡಿದ್ದರಿಂದ ತೊಗಲು ದಪ್ಪವಾಗುವುದಿಲ್ಲ. ವಿಚಿತ್ರವೆಂದರೆ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೋಂಕು ತಗಲಿದ ನಾಯಿಗಳೇ ಸುಮಾರು ಎರಡು ಪಟ್ಟು ಹೆಚ್ಚು ಕಾಲ ಬದುಕಿದವು. ಆಯುಸ್ಸನ್ನು ಅಲುಗಾಡಿಸಿದ್ದು ಕುಶಲತೆಯಲ್ಲ, ಕೀವು.

'ನಾಯಿಗಿಷ್ಟು ದುಡ್ಡೇ' ಎಂದು ಮೂಗುಮುರಿಯುವ ವಿಮರ್ಶಕರ ಪಕ್ಷ ನಾನು ಸೇರುವುದಿಲ್ಲ. ವಿತ್ರೋ ನಾಯಿಗಳಿಂದ ಕಲಿತದ್ದು ಮಕ್ಕಳ ಕಾಲುಗಳನ್ನೂ ಉಳಿಸಲು ನೆರವಾಯಿತು. ಆ ವಾದ ಅಲ್ಲಿಗೇ ಮುಗಿಯಬೇಕಿತ್ತು. ನನ್ನ ಜಗಳ ಎದುರಿನ ಪಕ್ಷದ ಜೊತೆ. ಕಾಲು ಕತ್ತರಿಸುವುದು ಕ್ರೌರ್ಯ ಎಂದು ಕಣ್ಣೊರೆಸಿಕೊಂಡು ಬರೆಯುವವರು ಮೂರು ಕಾಲಿನ ನಾಯಿ ಓಡುವುದನ್ನು ನೋಡಿದ್ದಾರೆಯೇ? ಹೆಚ್ಚಿನವು ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. 'ಉಳಿದ' ಕಾಲಿನ ಮಣಿಕಟ್ಟನ್ನಾದರೋ ಸ್ಕ್ರೂ ಹಾಕಿ ಬೆಸೆದಿರುತ್ತಾರೆ, ಅದು ಮತ್ತೆಂದೂ ಮಡಚುವುದಿಲ್ಲ. ಕಾಲು ಉಳಿಯಿತೆಂಬ ಸಮಾಧಾನ ಹಗ್ಗ ಹಿಡಿದವನದು. ಅದು ತಪ್ಪೆನ್ನಲಾರೆ, ಆದರೆ ಅದನ್ನು ನಾಯಿಯ ಸುಖವೆಂದು ಬರೆಯಬಾರದು.

ಬುರುಡೆಗೆ ಪ್ರಿಂಟ್ ಮಾಡಲಿ. ಅದನ್ನು ಕಾಲಿನಂತೆ ಕತ್ತರಿಸಿ ಬಿಸಾಡಲು ಬರುವುದಿಲ್ಲ. ಸೊಂಟ ಆಗಲೇ ಸವೆದ, ಮೂರು ಕಾಲಲ್ಲಿ ನಿಲ್ಲಲಾಗದ ಭಾರೀ ರಾಟ್‌ವೈಲರ್‌ಗೂ ಸರಿ. ಉಳಿದ ನಾಯಿಗಳಿಗೆ ಗರಗಸ, ಕೀಮೋ, ಒಂದು ವರ್ಷ.