ವಿದ್ಯಾಲಯತ್ಯಾಗದ ಮೀಮಾಂಸೆ

ವಿದ್ಯಾರ್ಥಿಯು ವಿಶ್ವವಿದ್ಯಾನಿಲಯವನ್ನು ನಡುವೆ ಬಿಟ್ಟು ಹೋದರೆ ದೋಷವು ಅವನ ಬುದ್ಧಿಯದೆಂದೋ ಆಲಸ್ಯದ್ದೆಂದೋ ತೀರ್ಮಾನಿಸುವುದು ಬಹುಕಾಲದ ರೂಢಿ. ಅಮೆರಿಕದ ವಿನ್ಸೆಂಟ್ ಟಿಂಟೋ ಅವರು ೧೯೭೫ರ ತಮ್ಮ ಲೇಖನದಲ್ಲಿಯೂ, ೧೯೮೭ರಲ್ಲಿ ಹೊರಬಂದ 'ಲೀವಿಂಗ್ ಕಾಲೇಜ್' ಎಂಬ ಗ್ರಂಥದಲ್ಲಿಯೂ ವಿದ್ಯಾಲಯವನ್ನೂ ಈ ವಿಚಾರಣೆಗೆ ಎಳೆದು ತಂದರು. ಅದು ಸಣ್ಣ ಉಪಕಾರವಲ್ಲ. ಆತ್ಮಹತ್ಯೆಯನ್ನು ಕುರಿತು ಡರ್ಕ್‌ಹೈಮ್ ೧೮೯೭ರಲ್ಲಿ ಬರೆದ ಗ್ರಂಥವೂ, ಸಂಸ್ಕಾರವಿಧಿಗಳನ್ನು ಕುರಿತು ವಾನ್ ಗೆನೆಪ್ ೧೯೦೯ರಲ್ಲಿ ಬರೆದ ಗ್ರಂಥವೂ ಅವರ ಸಿದ್ಧಾಂತಕ್ಕೆ ಆಧಾರ. ಹುಟ್ಟಿದ ಬಳಗದಿಂದ ಅಗಲಿಕೆ, ನಡುವಣ ಸಂಕ್ರಮಣ, ಹೊಸ ಸಮಾಜದಲ್ಲಿ ಸೇರ್ಪಡೆ: ಈ ಮೂರೂ ಕೂಡಿಬಂದವನು ನಿಲ್ಲುವನು, ಕೂಡಿಬಾರದವನು ಹೊರಡುವನು.

ಕಟ್ಟಡವೇನೋ ಸುಂದರವಾಗಿದೆ, ಅಡಿಪಾಯವೇ ಸಂದೇಹಾಸ್ಪದ. ವಿಲಿಯಂ ಟಿಯರ್ನಿ ಅವರು ೧೯೯೨ರಲ್ಲಿ, ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳನ್ನು ಮುಂದಿಟ್ಟುಕೊಂಡು, ಅದನ್ನೇ ಅಲುಗಿಸಿದರು. ಸಂಸ್ಕಾರವೆಂಬುದು ಒಂದು ಜನಾಂಗವು ತನ್ನ ಮಕ್ಕಳಿಗೆ ತಾನೇ ಮಾಡುವ ವಿಧಿ. ನಮ್ಮಲ್ಲಿ ಉಪನಯನವಾದ ವಟುವು ತನ್ನ ಹಿರಿಯರ ಲೋಕಕ್ಕೇ ಪ್ರವೇಶಿಸುವನಲ್ಲದೆ ಅನ್ಯರ ಲೋಕಕ್ಕಲ್ಲ. ಉಪನಯನವನ್ನು 'ಅರ್ಧಕ್ಕೆ ಬಿಟ್ಟವನು' ಎಂಬ ಮಾತೂ ನಮ್ಮಲ್ಲಿ ಹುಟ್ಟಿಲ್ಲ. ನವಾಹೋ ತರುಣನು ಬಿಳಿಯರ ವಿದ್ಯಾಲಯಕ್ಕೆ ಹೋಗುವುದು ಈ ಬಗೆಯದಲ್ಲ. ಅವನಿಗೆ 'ಅಗಲಿಕೆ' ಎಂಬ ಶಬ್ದಕ್ಕೆ ಚರಿತ್ರೆಯ ಕಹಿಯೂ ಅಂಟಿದೆ. ರಿಚರ್ಡ್ ಪ್ರಾಟ್ ೧೮೭೯ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲಿನಲ್ಲಿ ತೆರೆದ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲನ್ನು ಕತ್ತರಿಸಿ, ಹೆಸರನ್ನು ಬದಲಿಸಿ, ಮಾತೃಭಾಷೆಯನ್ನು ನಿಷೇಧಿಸಿದರು. ಅಂಥವರ ಮೊಮ್ಮಕ್ಕಳಿಗೆ ಮನೆಯನ್ನು ಮರೆತರೆ ಪದವಿ ದೊರೆಯುವುದೆಂದು ಹೇಳುವ ಸಿದ್ಧಾಂತವು, ಕರ್ತೃವಿನ ಸದಭಿಪ್ರಾಯವೆಷ್ಟೇ ಇರಲಿ, ಹಳೆಯ ಗಾಯವನ್ನೇ ಮುಟ್ಟುತ್ತದೆ.

ವರ್ನಾ ಕರ್ಕ್‌ನೆಸ್ ಮತ್ತು ರೇ ಬಾರ್ನ್‌ಹಾರ್ಟ್ ಅವರ ೧೯೯೧ರ ಪ್ರಬಂಧವು ಇದಕ್ಕಿಂತ ಚಿಕ್ಕದಾದರೂ ಹೆಚ್ಚು ಹರಿತವಾದುದು. ಕರ್ಕ್‌ನೆಸ್ ಅವರು ಸ್ವತಃ ಕೆನಡದ ಕ್ರೀ ಜನಾಂಗದವರು. ವಿದ್ಯಾಲಯದವರು ವಿದ್ಯಾರ್ಥಿಯು 'ಬರುತ್ತಾನೆ' ಎನ್ನುವರು. ವಿದ್ಯಾರ್ಥಿಯಾದರೋ ತಾನು 'ಹೋಗುತ್ತೇನೆ' ಎನ್ನುವನು. ಎರಡು ಕ್ರಿಯಾಪದಗಳಲ್ಲಿ ಎರಡು ಲೋಕಗಳು ಅಡಗಿವೆ. ಬರುವವನು ಒಳಗಿದ್ದವರಂತೆ ಆಗಬೇಕು. ಹೋಗುವವನಿಗೆ ಹಿಂದಿರುಗುವ ಮನೆಯುಂಟು, ತನ್ನವರಿಗಾಗಿ ತರಬೇಕಾದ ವಸ್ತುವುಂಟು. ಗೌರವ, ಪ್ರಸ್ತುತತೆ, ಪರಸ್ಪರತೆ, ಹೊಣೆ ಎಂಬ ನಾಲ್ಕನ್ನು ಅವರು ಬೇಡುತ್ತಾರೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಒಂದೇ ಆದ್ಯಕ್ಷರ. ಆ ಪ್ರಾಸದ ಮೋಹ ತುಸು ಅತಿಯಾಯಿತೇನೋ. ಆದರೂ ನಾಲ್ಕರಲ್ಲಿ ಒಂದನ್ನೂ ತೆಗೆದುಹಾಕುವಂತಿಲ್ಲ.

ಇಷ್ಟರಿಂದ ಟಿಂಟೋ ಅವರ ವಾದವೆಲ್ಲವೂ ಬಿದ್ದುಹೋಯಿತೆನ್ನುವುದು ಅನ್ಯಾಯ. ಗುರುಗಳು ತನ್ನನ್ನು ಗುರುತಿಸುವ ಕಡೆ, ಗೆಳೆಯರಿರುವ ಕಡೆ ವಿದ್ಯಾರ್ಥಿಯು ನಿಲ್ಲುವನೆಂಬುದು ಅನುಭವಸಿದ್ಧ. ನವಾಹೋ ಜನರು ೧೯೬೮ರಲ್ಲಿ ಅರಿಜೋನದ ತಮ್ಮ ನಾಡಿನಲ್ಲಿಯೇ ಕಾಲೇಜನ್ನು ಸ್ಥಾಪಿಸಿದರು; ಈಗ ಅದರ ಹೆಸರು ದಿನೇ ಕಾಲೇಜು. ಅವರ ಭಾಷೆಯೂ ಚರಿತ್ರೆಯೂ ಅಲ್ಲಿ ಪಾಠದ ವಿಷಯಗಳು. ಅಂಥ ಕಾಲೇಜುಗಳಲ್ಲಿಯೂ ನಡುವೆ ಬಿಡುವವರು ಅನೇಕರು: ಹಣದ ಅಡಚಣೆ, ಬಹುದೂರದ ದಾರಿ, ಕೂಸನ್ನು ನೋಡಿಕೊಳ್ಳುವವರಿಲ್ಲದ ತಾಯಂದಿರ ಕಷ್ಟ. ಟಿಂಟೋ ಅವರಲ್ಲಿ ಹಣದ ಮಾತಿಗೆ ಎರಡನೆಯ ಸ್ಥಾನ. ಸಂಸ್ಕೃತಿಯೊಂದರಿಂದಲೇ ಎಲ್ಲವನ್ನೂ ವಿವರಿಸಹೊರಟರೆ ಅದಕ್ಕೆ ಆ ಸ್ಥಾನವೂ ಉಳಿಯದು.