ದ್ವಾರಪಾಲಕನ ವಿವೇಕ

ಕಾಣದ ಊರಿನಲ್ಲಿ ಕುಳಿತ ಅಪರಿಚಿತನೊಬ್ಬನು ಫಾರಂ ಒಂದನ್ನು ತುಂಬಿ ಕಳುಹಿಸಿದಾಗ, ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬಲಾಗದಿದ್ದರೆ ಅವನಿಗೆ ಏನೆಂದು ಹೇಳಿ ಹಿಂದಕ್ಕೆ ಕಳುಹಿಸಬೇಕು ಎಂಬುದು ಜಾಲತಾಣವನ್ನು ಕಟ್ಟುವವನಿಗೆ ನಿತ್ಯವೂ ಎದುರಾಗುವ ಪ್ರಶ್ನೆ. ಇದನ್ನು ಯಂತ್ರದ ಒಳವಿಚಾರವೆಂದು ಬದಿಗಿಡುವ ವಾಡಿಕೆಯುಂಟು. ನನಗಾದರೋ ಇದು ವಿವೇಕಕ್ಕೆ ಸೇರಿದ ವಿಷಯವಾಗಿ ತೋರುತ್ತದೆ. ರಾಸ್ಮಸ್ ಲೆರ್ಡಾರ್ಫ್ ಎಂಬಾತನು ತನ್ನ ಸ್ವಂತ ಪುಟದ ಉಪಯೋಗಕ್ಕೆಂದು ರಚಿಸಿಕೊಂಡು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಕಿರುಸಾಧನಗಳಿಂದ ಬೆಳೆದ ಪಿಎಚ್‌ಪಿ ಭಾಷೆಯು ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ, ಅತಿವಿಶ್ವಾಸದಿಂದ ಹೊರಟು, ಅತಿಶಂಕೆಗೆ ಹೊರಳಿ, ಪರೀಕ್ಷೆಯೆಂಬುದರ ಅರ್ಥವನ್ನು ತಡವಾಗಿ ಕಂಡುಕೊಂಡ ಒಂದು ಮನಸ್ಸಿನ ಚರಿತ್ರೆಯೇ ಅಲ್ಲಿ ಗೋಚರಿಸುತ್ತದೆ.

ಮೊದಲಿನದು ಅತಿವಿಶ್ವಾಸದ ಕಾಲ. ರಿಜಿಸ್ಟರ್ ಗ್ಲೋಬಲ್ಸ್ ಎಂಬ ವ್ಯವಸ್ಥೆಯೊಂದು ಆಗ ಚಾಲ್ತಿಯಲ್ಲಿತ್ತು. ಫಾರಂನಲ್ಲಿ ಯಾವ ಹೆಸರಿನ ಅಂಕಣವಿದ್ದರೂ, ವಿಳಾಸದ ಸಾಲಿನ ಕೊನೆಗೆ ಯಾವ ಹೆಸರನ್ನು ಅಂಟಿಸಿದರೂ, ಅದೇ ಹೆಸರಿನ ವೇರಿಯಬಲ್ ಒಂದು ಪ್ರೋಗ್ರಾಮಿನೊಳಗೆ ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು. ಪ್ರವೇಶಕ್ಕೆ ಅನುಮತಿಯುಂಟೇ ಎಂಬುದನ್ನು ಸೂಚಿಸುವ ವೇರಿಯಬಲ್ಲಿಗೆ ಆರಂಭದ ಬೆಲೆಯನ್ನು ಕೊಡಲು ಬರೆದವನು ಮರೆತಿದ್ದರೆ, ಹೊರಗಿನವನು ಆ ಬೆಲೆಯನ್ನು ತಾನೇ ಕೊಟ್ಟುಕೊಂಡು ಅಧಿಕಾರಿಯಂತೆ ಒಳಹೊಗಬಹುದಾಗಿತ್ತು. 2002ರ 4.2 ಆವೃತ್ತಿಯಿಂದ ಈ ಬಾಗಿಲನ್ನು ಮುಚ್ಚಿಡುವುದೇ ಪದ್ಧತಿಯಾಯಿತು; 2012ರ 5.4 ಆವೃತ್ತಿಯಲ್ಲಿ ಬಾಗಿಲನ್ನೇ ಕಿತ್ತುಹಾಕಿದರು.

ಅದರ ಮಗ್ಗುಲಲ್ಲೇ ಬೆಳೆದ ಮ್ಯಾಜಿಕ್ ಕೋಟ್ಸ್ ಎಂಬ ಇನ್ನೊಂದು ವ್ಯವಸ್ಥೆ ಅತಿಶಂಕೆಯ ಫಲ. ಮಂಗಳೂರಿನ ಕ್ರೈಸ್ತ ಮನೆತನಗಳಲ್ಲಿ ಡಿ'ಸೋಜ, ಡಿ'ಸಿಲ್ವ ಎಂಬ ಹೆಸರುಗಳು ಎಷ್ಟು ಸಾಮಾನ್ಯವೆಂಬುದನ್ನು ನಾವೆಲ್ಲರೂ ಬಲ್ಲೆವು. ಆ ಹೆಸರಿನ ನಡುವಿನ ಒಂಟಿ ಉದ್ಧರಣ ಚಿಹ್ನೆಯು ಡೇಟಾಬೇಸಿನ ಆಜ್ಞಾವಾಕ್ಯದಲ್ಲಿ ಮಾತಿನ ಆರಂಭ ಅಂತ್ಯಗಳನ್ನು ಸೂಚಿಸುವ ಗುರುತೂ ಆಗಿರುವುದರಿಂದ, ದುರುದ್ದೇಶದವನು ಅದನ್ನೇ ಬಳಸಿ ತನ್ನ ಆಜ್ಞೆಯನ್ನು ಒಳಗೆ ತೂರಿಸಬಲ್ಲನೆಂಬ ಭಯ ನಿಜವಾದುದೇ. ಆದರೆ ಆ ಭಯಕ್ಕೆ ಕಂಡುಕೊಂಡ ಪರಿಹಾರವೆಂದರೆ, ಒಳಬರುವ ಪ್ರತಿಯೊಂದು ಉದ್ಧರಣ ಚಿಹ್ನೆಯ ಹಿಂದೆಯೂ, ಆ ಮಾತು ಡೇಟಾಬೇಸಿಗೆ ಹೋಗತಕ್ಕದ್ದೋ ಮಿಂಚಂಚೆಗೆ ಹೋಗತಕ್ಕದ್ದೋ ಎಂಬುದನ್ನು ವಿಚಾರಿಸದೆ, ಓರೆಗೆರೆಯೊಂದನ್ನು ಎಳೆದುಬಿಡುವುದು. ಡಿ'ಸೋಜ ಎಂಬವರು ತಮ್ಮ ವಿಳಾಸವನ್ನು ತಿದ್ದಿ ಉಳಿಸಿದಾಗಲೆಲ್ಲ, ಪ್ರೋಗ್ರಾಂ ಬರೆದವನ ಅಜಾಗರೂಕತೆಯೂ ಜೊತೆಗೂಡಿತೆಂದರೆ, ಅವರ ಹೆಸರಿನೊಳಗೆ ಓರೆಗೆರೆಗಳು ಒಂದರ ಹಿಂದೊಂದು ಬೆಳೆಯುತ್ತ ಹೋಗುತ್ತಿದ್ದವು. ಅತಿಥಿಯನ್ನು ವಿಚಾರಿಸಬೇಕಾದ ದ್ವಾರಪಾಲಕನು ಅತಿಥಿಯ ಮೈಮೇಲೆ ಬರೆ ಎಳೆದು ಒಳಬಿಟ್ಟಂತಾಯಿತು. ಇದೂ 5.4ರಲ್ಲಿಯೇ ಕಣ್ಮರೆಯಾಯಿತು. ಈ ವ್ಯವಸ್ಥೆಯ ದೋಷ ಅದರ ಅಸಮರ್ಥತೆಯಲ್ಲಿ ಇರಲಿಲ್ಲವೆಂದು ನನ್ನ ಅಭಿಪ್ರಾಯ. ಪರೀಕ್ಷಿಸುವುದನ್ನೂ ಮಾರ್ಪಡಿಸುವುದನ್ನೂ ಒಂದೇ ಎಂದು ಭಾವಿಸಿದುದೇ ಅದರ ಮೂಲದೋಷ.

2006ರಲ್ಲಿ 5.2 ಆವೃತ್ತಿಯೊಡನೆ ಬಂದ ಫಿಲ್ಟರ್ ವಿಸ್ತರಣೆಯನ್ನು ಈ ಹಿನ್ನೆಲೆಯಲ್ಲಿ ಮನಸಾರೆ ಸ್ವಾಗತಿಸಬೇಕು. ಬಂದದ್ದು ಪೂರ್ಣಾಂಕವೇ, ಅದು ಹೇಳಿದ ಎಲ್ಲೆಯೊಳಗಿದೆಯೇ, ಇದು ಮಿಂಚಂಚೆಯ ವಿಳಾಸದ ರೂಪದಲ್ಲಿದೆಯೇ ಎಂದು ಸ್ಪಷ್ಟವಾಗಿ ಕೇಳುವ, ಸರಿಯಿದ್ದರೆ ಬೆಲೆಯನ್ನೂ ತಪ್ಪಿದ್ದರೆ ತಪ್ಪೆಂಬ ಉತ್ತರವನ್ನೂ ಕೊಡುವ ಉಪಕರಣ ಭಾಷೆಯ ಒಳಗೇ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಹಳೆಯ ಗೊಂದಲ ಇಲ್ಲಿಯೂ ಒಂದು ಮೂಲೆಯಲ್ಲಿ ಉಳಿದುಕೊಂಡಿತು. ಪರೀಕ್ಷಿಸುವ ಶೋಧಕಗಳ ಪಕ್ಕದಲ್ಲೇ, ಅದೇ ಸೂರಿನ ಅಡಿಯಲ್ಲಿ, ಶುದ್ಧೀಕರಿಸುವ ಶೋಧಕಗಳನ್ನೂ ಇರಿಸಿದರು. ಫಿಲ್ಟರ್ ಸ್ಯಾನಿಟೈಸ್ ಸ್ಟ್ರಿಂಗ್ ಎಂಬುದರ ಕೈಗೆ 'ಬೆಲೆ <100 ರೂ' ಎಂಬ ನಿರಪರಾಧಿಯಾದ ವಾಕ್ಯವನ್ನು ಕೊಟ್ಟರೆ, ಕಿರಿದು ಎಂಬ ಚಿಹ್ನೆಯನ್ನು ಟ್ಯಾಗಿನ ಆರಂಭವೆಂದು ಬಗೆದು, ಅಲ್ಲಿಂದ ಮುಂದಿನದನ್ನೆಲ್ಲ ನುಂಗಿ, 'ಬೆಲೆ' ಎಂಬುದನ್ನಷ್ಟೇ ಹಿಂದಿರುಗಿಸುತ್ತಿತ್ತು. ತಪ್ಪಾಯಿತೆಂದು ಯಾರಿಗೂ ಹೇಳುತ್ತಿರಲಿಲ್ಲ. 2021ರ 8.1 ಆವೃತ್ತಿಯಲ್ಲಿ ಅದನ್ನು ತ್ಯಾಜ್ಯವೆಂದು ಸಾರಿದ್ದು ನ್ಯಾಯವಾದ ತೀರ್ಮಾನ.

ಒಳ್ಳೆಯ ಶೋಧಕವನ್ನು ಸಹ ಅವಸರದ ಕೈ ಕೆಡಿಸಬಲ್ಲದು. ಮಕ್ಕಳೆಷ್ಟು ಎಂದು ಕೇಳುವ ಅಂಕಣದಲ್ಲಿ ಮಕ್ಕಳಿಲ್ಲದ ಮಹಿಳೆಯೊಬ್ಬಳು ಸೊನ್ನೆಯೆಂದು ಬರೆಯುತ್ತಾಳೆ. ಆ ವಿಸ್ತರಣೆಯ ಫಿಲ್ಟರ್ ವಾರ್ ಎಂಬ ಉಪಕರಣವು ಅದನ್ನು ಪೂರ್ಣಾಂಕವೆಂದು ಒಪ್ಪಿ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಆದರೆ ಪಿಎಚ್‌ಪಿಯಲ್ಲಿ ಸೊನ್ನೆಯೂ ಸುಳ್ಳಿನ ಸಾಲಿನಲ್ಲೇ ನಿಲ್ಲುವುದರಿಂದ, ಉತ್ತರವನ್ನು ಮೂರು ಸಮಚಿಹ್ನೆಗಳಿಂದ ಹೋಲಿಸದೆ ಬರಿಯ ನಿಷೇಧದಿಂದ ನೋಡಿದವನು ಆಕೆಗೆ 'ಸರಿಯಾದ ಸಂಖ್ಯೆಯನ್ನು ನಮೂದಿಸಿ' ಎಂದು ಕೆಂಪಕ್ಷರದಲ್ಲಿ ತೋರಿಸುತ್ತಾನೆ. ಎಂಪ್ಟಿ ಎಂಬ ಪರೀಕ್ಷೆಯೂ ಸೊನ್ನೆಯನ್ನು ಖಾಲಿಯೆಂದೇ ಎಣಿಸುತ್ತದೆ. ನಿಜವನ್ನೇ ಬರೆದವಳಿಗೆ ಎರಡೆರಡು ಬಾರಿ ಆ ಮಾತನ್ನು ಕೇಳಿಸುವುದು ನನಗೆ ಕ್ಷುಲ್ಲಕ ದೋಷವಾಗಿ ಕಾಣುವುದಿಲ್ಲ.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಸಂಗತಿಗೆ ಬರುತ್ತೇನೆ. ಕನ್ನಡದಲ್ಲಿ ಹೆಸರು ಬರೆದ ಕಾರಣಕ್ಕೆ 'ಅಕ್ಷರಗಳನ್ನು ಮಾತ್ರ ಬಳಸಿ' ಎಂಬ ಉತ್ತರವನ್ನು ನಾನೇ ಪಡೆದುದುಂಟು. ಇಂಗ್ಲಿಷಿನ ಎ ಇಂದ ಝಡ್‌ವರೆಗಿನವು ಮಾತ್ರ ಅಕ್ಷರಗಳೆಂದು ಬರೆದಿಟ್ಟ ನಿಯಮದ ಫಲವದು. ಇದನ್ನರಿತ ಕೆಲವರು ಯೂನಿಕೋಡಿನ 'ಅಕ್ಷರ' ವರ್ಗವನ್ನು ಸೂಚಿಸುವ ನಿಯಮಕ್ಕೆ ಹೋಗುತ್ತಾರೆ. ಅದೂ ಸಾಲದು, ಏಕೆಂದರೆ ನಮ್ಮ ಕೊಂಬು, ಗುಡಿಸು, ವಿರಾಮಗಳನ್ನು ಯೂನಿಕೋಡು 'ಚಿಹ್ನೆ' ಎಂಬ ಬೇರೆ ವರ್ಗದಲ್ಲಿ ಇಟ್ಟಿದೆ. ಎರಡನ್ನೂ ಒಪ್ಪಿಕೊಂಡ ಮೇಲೂ 'ರಾಜ್‌ಕುಮಾರ್' ಎಂಬ ಹೆಸರು ಹೊರಗೇ ಉಳಿಯುತ್ತದೆ. ಜಕಾರಕ್ಕೆ ಕಕಾರವು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಅಲ್ಲಿದೆ, ಅದು ಮೂರನೆಯ ವರ್ಗಕ್ಕೆ ಸೇರಿದ್ದು. ಅದನ್ನು ಶುದ್ಧೀಕರಣದ ಹೆಸರಿನಲ್ಲಿ ಅಳಿಸಿದರೆ ಹೆಸರಿನ ಕಾಗುಣಿತವೇ ಕೆಡುತ್ತದೆ. ಉದ್ದವನ್ನು ಅಳೆಯುವಲ್ಲಿಯೂ ಇದೇ ಅನ್ಯಾಯ. 'ಪುಟ್ಟಸ್ವಾಮಿ' ಎಂಬುದು ಓದುವವನಿಗೆ ನಾಲ್ಕು ಅಕ್ಷರ, ಯೂನಿಕೋಡಿನ ಎಣಿಕೆಯಲ್ಲಿ 11 ಸಂಕೇತ. ಎಸ್‌ಟಿಆರ್‌ಲೆನ್ ಎಂಬ ಪಿಎಚ್‌ಪಿಯ ಅಳತೆಗೋಲು ಎಣಿಸುವುದು ಬೈಟುಗಳನ್ನಾದುದರಿಂದ ಅದರ ಲೆಕ್ಕದಲ್ಲಿ 33. ಹೆಸರು 30 ಮೀರಬಾರದೆಂದು ಆ ಅಳತೆಗೋಲಿನಿಂದಲೇ ವಿಧಿಸಿದವನು ನಾಲ್ಕಕ್ಷರದ ಪುಟ್ಟಸ್ವಾಮಿಯನ್ನು ಹೊರಗೆ ನಿಲ್ಲಿಸುತ್ತಾನೆ. ಬೈಟಿಗೆ ಬದಲು ಸಂಕೇತಗಳನ್ನು ಎಣಿಸುವ ಎಂಬಿ ಎಸ್‌ಟಿಆರ್‌ಲೆನ್ ಇರುವಾಗ ಈ ತಪ್ಪಿಗೆ ಕ್ಷಮೆಯಿಲ್ಲ.

ವೈಕುಂಠದ ಬಾಗಿಲನ್ನು ಕಾಯುತ್ತಿದ್ದ ಜಯವಿಜಯರು ಸನಕಾದಿ ಮುನಿಗಳನ್ನು ಬಾಲಕರ ರೂಪವನ್ನಷ್ಟೇ ನೋಡಿ ತಡೆದರು. ಶಾಪ ಬಂದದ್ದು ಅವರು ಅನರ್ಹರನ್ನು ಒಳಬಿಟ್ಟುದಕ್ಕಲ್ಲ, ಅರ್ಹರನ್ನು ಹೊರಗೆ ನಿಲ್ಲಿಸಿದುದಕ್ಕೆ. ಪರಿಶೀಲನೆಯ ಪಾಠಗಳೆಲ್ಲ ಕಳ್ಳನ ವಿಚಾರವನ್ನೇ ಹೇಳುತ್ತವೆ; ತಡೆಯಲ್ಪಟ್ಟ ಸಜ್ಜನನ ವಿಚಾರವನ್ನು ಹೇಳುವ ಪಾಠ ವಿರಳ.

ಸಡಿಲವೂ ಅಷ್ಟೇ ಅಪಾಯಕಾರಿಯೆಂಬುದನ್ನು ಮರೆಯುವಂತಿಲ್ಲ. ಯೂನಿಕೋಡನ್ನು ಒಪ್ಪುವ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಲ್ಲಿ ಅಂಕಿಯೆಂಬ ಸಂಕೇತವು ಕನ್ನಡದ ೧೨ ಎಂಬುದನ್ನೂ ಅಂಗೀಕರಿಸುತ್ತದೆ, ಆದರೆ ಅದನ್ನೇ ಪೂರ್ಣಾಂಕವಾಗಿ ಪರಿವರ್ತಿಸಿದರೆ ಪಿಎಚ್‌ಪಿ ಕೊಡುವುದು ಸೊನ್ನೆ. ಆದುದರಿಂದ ಕನ್ನಡದ ಅಂಕಿಗಳನ್ನು ಒಪ್ಪುವವನು ಮೊದಲು ಅವುಗಳನ್ನು ತಾನೇ ಪರಿವರ್ತಿಸಿಕೊಳ್ಳಬೇಕು. 2023ರ ಫೆಬ್ರವರಿ 30 ಎಂಬ ಇಲ್ಲದ ದಿನವನ್ನು ದಿನಾಂಕದ ವಸ್ತುವಾಗಿ ಓದಿಸಿದರೆ ಅದು ಮೌನವಾಗಿ ಮಾರ್ಚ್ 2 ಆಗಿ ಹೊರಬರುತ್ತದೆ. ಚೆಕ್‌ಡೇಟ್ ಮಾತ್ರ ಅದನ್ನು ನೇರವಾಗಿ ನಿರಾಕರಿಸುತ್ತದೆ. ಬ್ರೌಸರಿನಲ್ಲಿ ಮಾಡುವ ಪರೀಕ್ಷೆ ಬಳಕೆದಾರನಿಗೆ ತೋರುವ ಸೌಜನ್ಯ, ಅಷ್ಟೇ. ಬ್ರೌಸರನ್ನೇ ಬಳಸದೆ ಸರ್ವರಿಗೆ ಏನನ್ನಾದರೂ ಕಳುಹಿಸಬಹುದು, ಒಂದು ಹೆಸರಿರಬೇಕಾದಲ್ಲಿ ಹೆಸರುಗಳ ಪಟ್ಟಿಯನ್ನೇ ಕಳುಹಿಸಬಹುದು. ಬಂದದ್ದು ಪದವೋ ಪಟ್ಟಿಯೋ ಎಂಬ ಪ್ರಶ್ನೆಯನ್ನು ಸರ್ವರಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳತಕ್ಕದ್ದು.

ಹಾಗಾದರೆ ಡಿ'ಸೋಜ ಅವರ ಉದ್ಧರಣ ಚಿಹ್ನೆಯಿಂದ ಬರುವ ಅಪಾಯಕ್ಕೆ ಏನು ಮಾಡಬೇಕು? ಅದನ್ನು ಬಾಗಿಲಲ್ಲಿ ಬಗೆಹರಿಸಲಾಗದು, ಬಗೆಹರಿಸಲೂಬಾರದು. ಡೇಟಾಬೇಸಿಗೆ ಹೋಗುವಾಗ ಆಜ್ಞೆಯನ್ನೂ ಬೆಲೆಯನ್ನೂ ಪ್ರತ್ಯೇಕವಾಗಿ ಇರಿಸುವ ಪಿಡಿಒದ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಪುಟದ ಮೇಲೆ ತೋರಿಸುವಾಗ ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್, ಹೀಗೆ ಮಾತು ಎಲ್ಲಿಗೆ ಹೊರಡುತ್ತದೆಯೋ ಅಲ್ಲಿಯ ರೀತಿಗೆ ತಕ್ಕ ರಕ್ಷಣೆಯನ್ನು ಆ ಹೊಸ್ತಿಲಲ್ಲೇ ಒದಗಿಸಬೇಕು. ಉಗ್ರಾಣದಲ್ಲಿ ಇರತಕ್ಕದ್ದು ಬರೆದವನು ಬರೆದ ಮಾತೇ. ಪಿಎಚ್‌ಪಿ ಇಂದು ಈ ವಿವೇಕಕ್ಕೆ ಬೇಕಾದ ಸಾಧನಗಳನ್ನೆಲ್ಲ ಕೊಟ್ಟಿದೆಯೆಂದೂ, ಉಳಿದಿರುವ ದೋಷದ ಬಹುಪಾಲು ಬಳಸುವ ನಮ್ಮದೆಂದೂ ನಾನು ನಿಸ್ಸಂಶಯವಾಗಿ ಹೇಳಬಲ್ಲೆ.

ಕನ್ನಡಿಗರು ಬಳಸತಕ್ಕ ಫಾರಂಗಳನ್ನು ರಚಿಸುವ ಮಿತ್ರರಲ್ಲಿ ನನ್ನದೊಂದು ವಿನಂತಿಯಿದೆ. ನಿಮ್ಮ ಫಾರಂ ಸಿದ್ಧವಾದ ದಿನ, ಅದನ್ನು ಲೋಕಕ್ಕೆ ತೆರೆಯುವ ಮುನ್ನ, ಹೆಸರಿನ ಅಂಕಣದಲ್ಲಿ ಕನ್ನಡ ಅಕ್ಷರಗಳಿಂದಲೇ ಪುಟ್ಟಸ್ವಾಮಿ ಎಂದೊಮ್ಮೆ, ರಾಜ್‌ಕುಮಾರ್ ಎಂದೊಮ್ಮೆ, ಡಿ'ಸೋಜ ಎಂದೊಮ್ಮೆ ಬರೆದು, ಮಕ್ಕಳ ಸಂಖ್ಯೆಯ ಅಂಕಣದಲ್ಲಿ ಸೊನ್ನೆಯನ್ನಿಟ್ಟು ಕಳುಹಿಸಿ ನೋಡಿರಿ. ಕಳುಹಿಸಿದಂತೆಯೇ ಅವು ಮರಳಿ ಬರುವವರೆಗೆ ಫಾರಂ ಮುಗಿಯಿತೆಂದು ಎಣಿಸಬೇಡಿರಿ.