ಬಾಣದ ಏಣಿ, ದನದ ಹಾದಿ

ಒಂದು ಲೋಕದಿಂದ ಇನ್ನೊಂದಕ್ಕೆ ಪಾತ್ರವನ್ನು ದಾಟಿಸುವುದು ಕಥೆಗಾರನಿಗೆ ದೊಡ್ಡ ಕೆಲಸವಲ್ಲ. ದಾಟಿದವನು ಅಲ್ಲಿ ಏನು ಕಂಡ, ಏನಾಗಿ ಮರಳಿದ ಎಂಬುದರಲ್ಲಿ ಅವನ ಕಸುಬು ತಿಳಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಯಲಾಟವನ್ನು ಈ ಅಳತೆಗೆ ಹಿಡಿದರೆ ಅದರ ಹೆಚ್ಚುಗಾರಿಕೆಯೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ದಾಟಿಸುವುದರಲ್ಲಿ ಬಯಲಾಟಕ್ಕೆ ಸಾಟಿಯಿಲ್ಲ. ಗಜಗೌರಿ ವ್ರತದ ಪ್ರಸಂಗದಲ್ಲಿ ಕುಂತಿಯ ಪೂಜೆಗೆ ಐರಾವತವನ್ನೇ ಇಳಿಸಲು ಅರ್ಜುನ ಸ್ವರ್ಗಕ್ಕೆ ಬಾಣದ ಏಣಿ ಕಟ್ಟುತ್ತಾನೆ. ಮೈರಾವಣನ ಕಥೆಯಲ್ಲಿ ಹನುಮಂತ ಪಾತಾಳಕ್ಕೆ ಇಳಿಯುತ್ತಾನೆ. ಅಟ್ಟದ ಮೇಲೆ ಏಣಿಯೂ ಇರುವುದಿಲ್ಲ, ಬಿಲವೂ ಇರುವುದಿಲ್ಲ. ನೀವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಆಟ ನಡೆಸುವ ಸಾರಥಿ ಕೇಳುತ್ತಾನೆ. ವೇಷಧಾರಿ ಬಿರುದುಬಾವಲಿಗಳ ಸಮೇತ ಹೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ಹಸ್ತಿನಾವತಿಯಾಗಿದ್ದ ಹಲಗೆಯೇ ಅಮರಾವತಿಯಾಗಿರುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವನನ್ನು ದೇವೇಂದ್ರನೆಂದು ಊರು ಒಪ್ಪಿಕೊಂಡಿರುತ್ತದೆ.

ಮಾತಿನಿಂದಲೇ ಲೋಕ ಕಟ್ಟುವ ಇಂಥದೊಂದು ಆಟ ಬೇರೆ ಕಡೆಯೂ ಇದೆ. 1994ರಲ್ಲಿ ಅಮೆರಿಕದ ಟಿಎಸ್‌ಆರ್ ಕಂಪನಿ ‘ಪ್ಲೇನ್‌ಸ್ಕೇಪ್’ ಹೊರತಂದಿತು. ಅದರ ರೂವಾರಿ ಡೇವಿಡ್ ಕುಕ್. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ತಂತಮ್ಮ ಪಾತ್ರದ ಮಾತಾಡುವ ಆಟ. ಅದರ ಸಿಗಿಲ್ ನಗರದ ಬಾಗಿಲುಗಳು ನಾನಾ ಲೋಕಗಳಿಗೆ ತೆರೆಯುತ್ತವೆ, ಒಂದೊಂದಕ್ಕೂ ಬೇರೆ ಕೀಲಿ. ಜನರ ನಂಬಿಕೆ ಬದಲಾದರೆ ಇಡೀ ಊರೇ ಪಕ್ಕದ ಲೋಕಕ್ಕೆ ಸರಿದುಹೋಗಬಹುದು ಎಂಬುದು ಅಲ್ಲಿನ ಮುಖ್ಯ ಕಲ್ಪನೆ. ಎಂದರೆ ಅಲ್ಲಿ ಬಂದವನಿಂದ ಲೋಕ ಬದಲಾಗುತ್ತದೆ, ಲೋಕದಿಂದ ಬಂದವನೂ ಬದಲಾಗುತ್ತಾನೆ.

ಬಯಲಾಟ ಸೋಲುವುದು ಇಲ್ಲೇ. ಇಂದ್ರನ ಒಡ್ಡೋಲಗಕ್ಕೂ ಪಾಳೆಗಾರನ ಒಡ್ಡೋಲಗಕ್ಕೂ ವ್ಯತ್ಯಾಸ ಸಾಲದು: ಅದೇ ಕಿರೀಟ, ಅದೇ ಭುಜಕೀರ್ತಿ, ಅದೇ ಜಂಬದ ಮಾತು. ಪಾತಾಳವೆಂದರೆ ಕಾದಾಟಕ್ಕೊಂದು ಕಣ, ಅಷ್ಟೆ. ಅದು ಶೈಲಿ ಎನ್ನಬಹುದು. ವೇಷದ ಮಟ್ಟಿಗೆ ಆ ಸಮಾಧಾನ ಸರಿ. ಹೋದವನು ಹೋದ ಹಾಗೇ ಹಿಂದಿರುಗುವುದಕ್ಕೆ ಅದು ಉತ್ತರವಲ್ಲ. ಬಭ್ರುವಾಹನನ ಪ್ರಸಂಗ ಮಾತ್ರ ಬೇರೆ ನಿಲ್ಲುತ್ತದೆ. ತಾನೇ ಕೊಂದ ತಂದೆಯನ್ನು ಬದುಕಿಸಲು ಅವನಿಗೆ ನಾಗಲೋಕದ ಮಣಿ ಬೇಕು. ಕೊಂದ ತಪ್ಪು ಬೆನ್ನಿಗಿರುವುದರಿಂದ ಅಲ್ಲಿ ಪಾತಾಳಕ್ಕೆ ತೂಕ ಬರುತ್ತದೆ. ಇನ್ನೊಂದು ಕೊರತೆ, ಪಯಣಿಗರೆಲ್ಲ ಅರಸುಮಕ್ಕಳೇ. ದನ ಕಾಯುವವನಿಗೆ ಅಟ್ಟದ ಮೇಲೆ ಸಿಗುವುದು ಹಾಸ್ಯದ ಪಾಲು.

ಇದೇ ನೆಲದ ಹಟ್ಟಿಗಳಲ್ಲಿ ಬೇರೆ ದಾರಿಯಿದೆ. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಮ್ಯಾಸಬೇಡರ ಗಾದ್ರಿ ಪಾಲನಾಯಕ ದನದ ಹಿಂದೆ ನಡೆದವರು, ನಡೆದೇ ದೇವರಾದವರು. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಇಂದಿಗೂ ಮೇಯಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಇಂಥವರನ್ನು ಹಾಡುವ ಪದಗಳ ರಾಶಿಯನ್ನೇ ನೆನಪಿನಲ್ಲಿ ಇಟ್ಟುಕೊಂಡಿದ್ದರು; ಕೃಷ್ಣಮೂರ್ತಿ ಹನೂರು ಅವನ್ನು ಬರಹಕ್ಕೆ ತಂದರು. ಈ ಪದಗಳಲ್ಲಿ ದೇವಲೋಕ ಮೇಲೆಲ್ಲೋ ಇಲ್ಲ. ಅದು ಕಾವಲಿನಲ್ಲಿದೆ, ಹುತ್ತದಲ್ಲಿದೆ, ಹಟ್ಟಿಯ ಗುಡಿಯಲ್ಲಿದೆ. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಗುರುತಿಸಿದ ಅಶೋಕನ ಶಾಸನವೂ ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರೊಡನೆ ಬೆರೆತರೆಂದು ಸಾರುತ್ತದೆ. ಸ್ವರ್ಗ ದೊಡ್ಡವರ ಸೊತ್ತಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತದೆ.

ಬಾಗಿಲು ತೆರೆಯುವ ಕಲೆ ಬಯಲಾಟಕ್ಕೆ ಗೊತ್ತು. ಬಾಗಿಲಾಚೆಯ ಬದುಕು ಹಟ್ಟಿಯ ಪದಗಳಿಗೆ ಗೊತ್ತು. ಇವೆರಡೂ ಒಂದೇ ತಾಲ್ಲೂಕಿನಲ್ಲಿದ್ದೂ ಬೇರೆಬೇರೆಯಾಗಿ ಉಳಿದದ್ದು ನಮ್ಮ ನಷ್ಟ. ಹೊಸ ಪ್ರಸಂಗ ಬರೆಯುವವರು, ತಾಲೀಮು ಕೊಡುವ ಮೇಷ್ಟ್ರುಗಳು ಒಂದು ಸಲವಾದರೂ ಕಿಲಾರಿಯನ್ನೋ ಗೊಲ್ಲರ ಹೆಣ್ಣುಮಗಳನ್ನೋ ಮುಖ್ಯ ವೇಷವಾಗಿ ಅಟ್ಟ ಹತ್ತಿಸಲಿ. ಸಾರಥಿ ಅವರನ್ನೂ ಅದೇ ಗೌರವದಿಂದ ಯಾರು, ಎತ್ತ ಹೊರಟಿರಿ ಎಂದು ಕೇಳಲಿ.